ಕಲ್ಲಿದ್ದಲ ಧೂಳು: ಎಕ್ಸ್-ರೇ ಹೇಳಿದ್ದು, ಉಸಿರು ಹೇಳಿದ್ದು

ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ. ಕಾರಣ ಧೂಳೋ, ಸಿಗರೇಟೋ, ವಯಸ್ಸೋ? ಪರಿಹಾರದ ಮಾತು ಬಂದಾಗಲೆಲ್ಲ ಈ ವಾದ ಶುರುವಾಗುತ್ತದೆ. ಇದು ಇವತ್ತು ನಿನ್ನೆಯದಲ್ಲ.

ಸ್ಕಾಟ್ಲೆಂಡಿನ ಗಣಿ ಕಾರ್ಮಿಕನೊಬ್ಬನ ಕಪ್ಪಾದ ಶ್ವಾಸಕೋಶವನ್ನು ವೈದ್ಯ ಜೇಮ್ಸ್ ಗ್ರೆಗರಿ 1831ರಲ್ಲೇ ವಿವರಿಸಿದ್ದರು. ಆದರೂ 20ನೇ ಶತಮಾನದ ಆರಂಭದಲ್ಲಿ ಕಲ್ಲಿನ ಸಿಲಿಕಾ ಧೂಳು ಮಾತ್ರ ಕೆಟ್ಟದ್ದು, ಕಲ್ಲಿದ್ದಲ ಧೂಳಿನಿಂದ ಅಂಥ ಅಪಾಯವಿಲ್ಲ ಎಂಬ ನಂಬಿಕೆಯೇ ಜಾಸ್ತಿ ಇತ್ತು. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಕಾರ್ಮಿಕರ ನ್ಯುಮೋಕೊನಿಯೋಸಿಸ್‌ಗೆ, ಅಂದರೆ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆಗೆ, ಪರಿಹಾರ ಸಿಕ್ಕಿದ್ದು 1943ರಲ್ಲಿ.

ಮುಂದಿನದ್ದು ಎಕ್ಸ್-ರೇ ಕಾಲ. ಫಿಲ್ಮಿನಲ್ಲಿ ಸಣ್ಣ ಚುಕ್ಕೆಗಳಿದ್ದರೆ 'ಸರಳ' ಕಾಯಿಲೆ. ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಗಂಟು ಕಂಡರೆ ಗಂಭೀರ. ಗಂಟು ಬೆಳೆದವರ ಉಸಿರು ಕುಗ್ಗುವುದನ್ನು ಎಲ್ಲರೂ ಒಪ್ಪಿದರು. ತಕರಾರು ಇದ್ದದ್ದು ಉಳಿದವರ ಬಗ್ಗೆ. ಚುಕ್ಕೆ ತುಂಬಿದ ಕೆಲವರು ಉಸಿರಿನ ಪರೀಕ್ಷೆಯಲ್ಲಿ ಚೆನ್ನಾಗಿಯೇ ಊದುತ್ತಿದ್ದರು, ಫಿಲ್ಮ್ ಶುಭ್ರವಾಗಿದ್ದ ಕೆಲವರು ಏದುಸಿರು ಬಿಡುತ್ತಿದ್ದರು. ಹಾಗಾದರೆ ಆ ಏದುಸಿರು ಧೂಳಿನದಲ್ಲ ಎಂಬ ತೀರ್ಮಾನ ಸುಲಭವಾಗಿ ಬಂತು. ಉಸಿರು ಕೆಟ್ಟವರು ಮೊದಲೇ ಕೆಲಸ ಬಿಟ್ಟು ಮನೆ ಸೇರುತ್ತಾರೆ, ಗಣಿಯಲ್ಲಿ ಪರೀಕ್ಷೆಗೆ ಸಿಗುವವರು ಗಟ್ಟಿಮುಟ್ಟಾದವರೇ ಅಲ್ವಾ? ಇದು ಲೆಕ್ಕಕ್ಕೆ ಬರಲು ತಡವಾಯಿತು.

ಊದುವ ಪರೀಕ್ಷೆ ಹೀಗಿರುತ್ತದೆ. ಮೂಗಿಗೆ ಕ್ಲಿಪ್, ಬಾಯಲ್ಲಿ ಕೊಳವೆ. ಎದೆ ತುಂಬ ಗಾಳಿ ಎಳೆದು ಒಂದೇ ರಭಸಕ್ಕೆ ಊದಬೇಕು. 'ಊದಿ, ಊದಿ, ಇನ್ನೂ ಊದಿ' ಎಂದು ಪಕ್ಕದಲ್ಲಿ ನಿಂತವರು ಕೂಗುತ್ತಿರುತ್ತಾರೆ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು ಎನ್ನುವುದೇ ಮುಖ್ಯ ಅಂಕಿ.

1953ರಲ್ಲಿ ಬ್ರಿಟನ್ನಿನ ಗಣಿಗಳಲ್ಲಿ ಶುರುವಾದ ದೊಡ್ಡ ಅಧ್ಯಯನ ಈ ಅಂಕಿಯನ್ನೂ, ಕಾರ್ಮಿಕರು ಉಸಿರಾಡಿದ ಧೂಳನ್ನೂ ವರ್ಷಗಟ್ಟಲೆ ಅಳೆಯಿತು. 1970ರ ದಶಕದಿಂದ ಚಿತ್ರ ತಿಳಿಯಾಯಿತು. ಧೂಳು ಹೆಚ್ಚಿದಷ್ಟೂ ಮೊದಲ ಸೆಕೆಂಡಿನ ಗಾಳಿ ಕಡಿಮೆ. ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೂ ಅಷ್ಟೇ, ಸಿಗರೇಟು ಮುಟ್ಟದಿದ್ದರೂ ಅಷ್ಟೇ. ಆದರೂ ಗಣಿ ಕಾರ್ಮಿಕರ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ), ಎಂಫಿಸೀಮಾಗೆ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಅಲ್ಲಿ ಪರಿಹಾರ ಬಂದಿದ್ದು 1993ರಲ್ಲಿ. ಆಗ ನೆಲದಡಿ 20 ವರ್ಷ ದುಡಿದಿರಬೇಕಿತ್ತು, ಮೊದಲ ಸೆಕೆಂಡಿನ ಗಾಳಿ ಇರಬೇಕಾದ್ದಕ್ಕಿಂತ ಒಂದು ಲೀಟರ್ ಕಡಿಮೆ ಇರಬೇಕಿತ್ತು. ಒಂದು ಲೀಟರ್ ಕಳೆದುಕೊಳ್ಳುವವರೆಗೂ ಕಾಯಿಸುವುದು ನನಗಂತೂ ಕ್ರೂರವೆನಿಸುತ್ತದೆ.

ಅಮೆರಿಕದಲ್ಲಿ 1968ರ ಫಾರ್ಮಿಂಗ್ಟನ್ ಗಣಿ ಸ್ಫೋಟ, ಮರುವರ್ಷ ಗಣಿ ಕಾರ್ಮಿಕರ ಮುಷ್ಕರ, ಅದೇ ವರ್ಷ ಗಣಿ ಧೂಳಿಗೆ ಮಿತಿ ಹಾಕಿದ ಕಾನೂನು. ಕಾಯಿಲೆ ಇಳಿಯಿತು, ಮತ್ತೆ ಏರಿತು. ತೆಳುವಾದ ಕಲ್ಲಿದ್ದಲ ಪದರಕ್ಕಾಗಿ ಬಂಡೆ ಕೊರೆದಾಗ ಏಳುವ ಸಿಲಿಕಾ ಅದಕ್ಕೊಂದು ಕಾರಣ. 2018ರಲ್ಲಿ ವರದಿಯಾದಂತೆ, ವರ್ಜೀನಿಯಾದ ಮೂರೇ ಕ್ಲಿನಿಕ್‌ಗಳಲ್ಲಿ ದೊಡ್ಡ ಗಂಟಿನ 416 ಪ್ರಕರಣಗಳಿದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಲ್ಲವಾಯಿತು ಎಂದುಕೊಂಡಿದ್ದ ಕಾಯಿಲೆ 2015ರಲ್ಲಿ ಮತ್ತೆ ಪತ್ತೆಯಾಯಿತು. ಅಲ್ಲಿ ಊದುವ ಪರೀಕ್ಷೆ ನಡೆಸಿದ ರೀತಿಯಲ್ಲೇ ಲೋಪಗಳಿದ್ದವು.

ಪರೀಕ್ಷೆ ಸರಿಯಾಗಿ ನಡೆದರೂ ಒಂದು ಅಂಕಿ ಸಾಲದು. 25ನೇ ವಯಸ್ಸಿನಲ್ಲಿ ಒಬ್ಬ ಮೊದಲ ಸೆಕೆಂಡಿನಲ್ಲಿ 4.5 ಲೀಟರ್ ಊದುತ್ತಿದ್ದ, 45ಕ್ಕೆ 3.4ಕ್ಕೆ ಇಳಿದ ಎಂದಿಟ್ಟುಕೊಳ್ಳಿ. ವರದಿ 'ನಾರ್ಮಲ್' ಎನ್ನಬಹುದು. ವಯಸ್ಸಿನಿಂದ ಹೋಗುವುದು ವರ್ಷಕ್ಕೆ ಸುಮಾರು 30 ಮಿಲಿಲೀಟರ್, ಅಂದರೆ 600. ಇನ್ನುಳಿದ 500 ಎಲ್ಲಿ ಹೋಯಿತು ಎಂದು ಕೇಳಬೇಕಾದರೆ, ಕೆಲಸಕ್ಕೆ ಸೇರಿದಾಗ ಊದಿದ ಅಂಕಿ ಫೈಲಿನಲ್ಲಿ ಇರಬೇಕು.