ಪೋಲ್ ಪಾಟ್‌ಗೆ ಶಿಕ್ಷೆ ಯಾಕಾಗಲಿಲ್ಲ?

ಪ್ರಶ್ನೆ: ಕಾಂಬೋಡಿಯಾದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ಸರ್ಕಾರ 1979ರಲ್ಲೇ ಉರುಳಿತಲ್ಲ, ನಾಯಕರ ವಿಚಾರಣೆಗೆ ಮೂವತ್ತು ವರ್ಷ ಬೇಕಾಯಿತೇಕೆ? ಅದರ ಮುಖ್ಯಸ್ಥ ಪೋಲ್ ಪಾಟ್ ಹೇಗೆ ಪಾರಾದ?

ಉತ್ತರ: ಉರುಳಿದ್ದು ರಾಜಧಾನಿಯಲ್ಲಿ ಮಾತ್ರ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಾಮ್ ಪೆನ್ ಹೊಕ್ಕಾಗ ಪೋಲ್ ಪಾಟ್ ಥಾಯ್ಲೆಂಡ್ ಗಡಿಯತ್ತ ಓಡಿದ. ನಾಲ್ಕು ವರ್ಷವೂ ತುಂಬದ ಅವನ ಆಳ್ವಿಕೆಯಲ್ಲಿ ಹಸಿವು, ಕಾಯಿಲೆ, ದುಡಿತ, ಕೊಲೆಗಳಿಗೆ ದೇಶದ ಸುಮಾರು ಕಾಲು ಭಾಗ ಜನ ಬಲಿಯಾಗಿದ್ದರು. ಆದರೂ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಅವನ ಕಡೆಯವರ ಕೈಯಲ್ಲೇ ಉಳಿಯಿತು! ವಿಯೆಟ್ನಾಂ ಸೋವಿಯತ್ ಒಕ್ಕೂಟದ ಗೆಳೆಯ; ಅದು ಕೂರಿಸಿದ ಸರ್ಕಾರವನ್ನು ಚೀನಾ, ಅಮೆರಿಕ, ಥಾಯ್ಲೆಂಡ್ ಒಪ್ಪಲಿಲ್ಲ. 1982ರಲ್ಲಿ ಮಾಜಿ ರಾಜ ಸಿಹಾನೂಕ್ ಮುಂದಾಳತ್ವದ ಮೈತ್ರಿಕೂಟ ಬಂದರೂ ಖ್ಮೇರ್ ರೂಜ್ ಅದರೊಳಗೇ ಇತ್ತು. ಆದರೆ ಭಾರತ 1980ರಲ್ಲೇ ನಾಮ್ ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಮುಂದೆ ನಮ್ಮ ಪುರಾತತ್ವ ಇಲಾಖೆ ಅಂಕೋರ್ ವಾಟ್ ದುರಸ್ತಿಗೆ ಹೋಗಿದ್ದೂ ಆ ಸ್ನೇಹದಿಂದಲೇ.

ಹಾಗಂತ ಪೋಲ್ ಪಾಟ್ ವಿಚಾರಣೆ ನಡೆದೇ ಇಲ್ಲ ಎನ್ನುವಂತಿಲ್ಲ. ಎರಡು ಸಲ ನಡೆಯಿತು, ಎರಡೂ ಒಂಥರಾ ನಾಟಕವೇ. 1979ರ ಆಗಸ್ಟ್‌ನಲ್ಲಿ ನಾಮ್ ಪೆನ್‌ನ ನ್ಯಾಯಮಂಡಳಿ ಕೆಲವೇ ದಿನಗಳಲ್ಲಿ, ಅವನ ಗೈರುಹಾಜರಿಯಲ್ಲೇ, ಮರಣದಂಡನೆ ವಿಧಿಸಿತು. ಆರೋಪಿಗಳ ಪರ ವಕೀಲರೇ ಅವರನ್ನು ಬೈದ ಆ ತೀರ್ಪಿಗೆ ಹೊರಗೆ ಬೆಲೆ ಸಿಗಲಿಲ್ಲ. 1997ರಲ್ಲಿ ಪೋಲ್ ಪಾಟ್ ತನ್ನದೇ ಸಂಗಾತಿ ಸೋನ್ ಸೆನ್‌ನನ್ನು ಸಂಸಾರ ಸಮೇತ ಕೊಲ್ಲಿಸಿದ. ಆಗ ಸಂಗಡಿಗರೇ ಕಾಡಿನಲ್ಲಿ ಅವನ ವಿಚಾರಣೆ ಮಾಡಿ ಗೃಹಬಂಧನಕ್ಕೆ ಹಾಕಿದರು. 1998ರ ಏಪ್ರಿಲ್ 15ರಂದು ಸತ್ತ. ಹಳೆಯ ಟೈರು, ಮುರುಕಲು ಸಾಮಾನಿನ ರಾಶಿಯ ಮೇಲಿಟ್ಟು ಸುಟ್ಟರು.

ಉಳಿದವರ ವಿಷಯದಲ್ಲಿ ಗಂಟು ಬಿದ್ದಿದ್ದು ಆಗಿನ ಪ್ರಧಾನಿ ಹುನ್ ಸೆನ್ ಬಳಿ. ಅವರೂ ಒಂದು ಕಾಲದ ಖ್ಮೇರ್ ರೂಜ್ ಅಧಿಕಾರಿ. 1977ರಲ್ಲಿ ವಿಯೆಟ್ನಾಂಗೆ ಓಡಿಹೋದವರು. ಯುದ್ಧ ನಿಲ್ಲಲಿ ಎಂದು ಶರಣಾದ ನಾಯಕರನ್ನು ಬರಮಾಡಿಕೊಂಡರು. 1996ರಲ್ಲಿ ಖ್ಮೇರ್ ರೂಜ್ ವಿದೇಶಾಂಗ ಮಂತ್ರಿಯಾಗಿದ್ದ ಇಯೆಂಗ್ ಸಾರಿಗೆ ರಾಜನ ಕ್ಷಮಾದಾನವೂ ಸಿಕ್ಕಿತು. ವಿಶ್ವಸಂಸ್ಥೆಯ ಜೊತೆ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು, 2003ರಲ್ಲಿ ಮಿಶ್ರ ನ್ಯಾಯಾಲಯಕ್ಕೆ ಒಪ್ಪಂದವಾಯಿತು: ಕಾಂಬೋಡಿಯಾದ ನ್ಯಾಯಾಧೀಶರೇ ಹೆಚ್ಚು, ಆದರೆ ತೀರ್ಪಿಗೆ ಕನಿಷ್ಠ ಒಬ್ಬ ವಿದೇಶಿ ನ್ಯಾಯಾಧೀಶರ ಸಮ್ಮತಿ ಬೇಕು.

ಮೊದಲು ಕಟಕಟೆ ಹತ್ತಿದವನು ಡೊಯ್ಕ್. ಮೊದಲು ಗಣಿತದ ಮೇಷ್ಟ್ರು, ಆಮೇಲೆ ತುವಲ್ ಸ್ಲೆಂಗ್ ಸೆರೆಮನೆಯ ಯಜಮಾನ. ಆ ಸೆರೆಮನೆಯೂ ಹಿಂದೆ ಶಾಲೆಯೇ. ಬಂದ ಕೈದಿಗಳ ಫೋಟೊ ತೆಗೆದು, ತಪ್ಪೊಪ್ಪಿಗೆ ಬರೆಸಿ, ಕಡತ ಜೋಡಿಸಿಟ್ಟಿದ್ದ. 12,000ಕ್ಕೂ ಹೆಚ್ಚು ಜನ ಒಳಹೋದರು, ಬದುಕಿ ಬಂದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ವಾನ್ ನಾತ್. ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲರು ಎಂಬುದೇ ಅವರ ಜೀವ ಉಳಿಸಿತು. ಕೊಲ್ಲಬೇಕಾದವರ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ, ಚಿತ್ರಕಾರನನ್ನು ಇಟ್ಟುಕೊಳ್ಳಿ ಎಂಬರ್ಥದ ಟಿಪ್ಪಣಿಯಿತ್ತು. 2009ರಲ್ಲಿ ನಾತ್ ಡೊಯ್ಕ್‌ನ ಎದುರೇ ಸಾಕ್ಷಿ ನುಡಿದರು. ಕಡತ ಅಷ್ಟು ನೀಟಾಗಿ ಇಟ್ಟಿದ್ದೇ ಡೊಯ್ಕ್‌ಗೆ ಮುಳುವಾಯಿತು ಅನ್ನಬೇಕು. 2010ರಲ್ಲಿ 35 ವರ್ಷ ಶಿಕ್ಷೆ, ಮೇಲ್ಮನವಿಯಲ್ಲಿ ಅದು ಜೀವಾವಧಿಯಾಯಿತು.

ಪೋಲ್ ಪಾಟ್‌ನ ನಂತರದ ಸ್ಥಾನದಲ್ಲಿದ್ದ ನುವಾನ್ ಚಿಯಾ, ರಾಷ್ಟ್ರಾಧ್ಯಕ್ಷನಾಗಿದ್ದ ಖಿಯು ಸಂಫನ್ ಇಬ್ಬರಿಗೂ 2014ರಲ್ಲಿ ಜೀವಾವಧಿ. 2018ರಲ್ಲಿ ನರಮೇಧದ ಅಪರಾಧವೂ ಸಾಬೀತಾಯಿತು. ಇಯೆಂಗ್ ಸಾರಿ ತೀರ್ಪಿಗೆ ಮೊದಲೇ ಸತ್ತ. ಸೇನಾ ನಾಯಕನಾಗಿದ್ದ ತಾ ಮೋಕ್ ವಿಚಾರಣೆ ಶುರುವಾಗುವುದಕ್ಕೂ ಮುಂಚೆ ಬಂಧನದಲ್ಲೇ ತೀರಿಕೊಂಡ. 2022ರ ಸೆಪ್ಟೆಂಬರ್‌ನಲ್ಲಿ ಖಿಯು ಸಂಫನ್‌ನ ಕೊನೆಯ ಮೇಲ್ಮನವಿ ಬಿದ್ದಾಗ ಲೆಕ್ಕ ಇಷ್ಟು: 30 ಕೋಟಿ ಡಾಲರ್‌ಗೂ ಮೀರಿದ ಖರ್ಚು, ಶಿಕ್ಷೆ ಮೂವರಿಗೆ. ಕೆಳಹಂತದ ಕಮಾಂಡರುಗಳ ಮೇಲೂ ವಿದೇಶಿ ಪ್ರಾಸಿಕ್ಯೂಟರ್ ತನಿಖೆ ಕೇಳಿದ್ದರು. ಹುನ್ ಸೆನ್ ಬಹಿರಂಗವಾಗಿಯೇ ಬೇಡವೆಂದರು, ಸ್ಥಳೀಯ ಮತ್ತು ವಿದೇಶಿ ನ್ಯಾಯಾಧೀಶರ ನಡುವೆ ಒಮ್ಮತ ಮೂಡಲಿಲ್ಲ, ಆ ಮೊಕದ್ದಮೆಗಳು ವಿಚಾರಣೆಯ ಹಂತಕ್ಕೇ ಬರಲಿಲ್ಲ.