ಸೇತುವೆ ಕೆಳಗಿನ ವಿಳಾಸ

ಅಮೆರಿಕದ ಮಯಾಮಿಯಿಂದ ಮಯಾಮಿ ಬೀಚ್‌ಗೆ ಹೋಗುವಾಗ ಕೊಲ್ಲಿಯ ಮೇಲೆ ಒಂದು ಉದ್ದದ ರಸ್ತೆ ಸಿಗುತ್ತದೆ. ಹೆಸರು ಜೂಲಿಯಾ ಟಟಲ್ ಕಾಸ್‌ವೇ. 2007ರ ಹೊತ್ತಿಗೆ ಅಲ್ಲಿನ ಸೇತುವೆ ಕೆಳಗೆ ಟೆಂಟು, ಗುಡಿಸಲು ಎದ್ದಿದ್ದವು. ಇದ್ದವರೆಲ್ಲ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರು. ಕಾಲಿಗೆ ಕಟ್ಟಿದ ಜಿಪಿಎಸ್ ಪಟ್ಟಿ ಚಾರ್ಜ್ ಮಾಡೋಕೆ ಜನರೇಟರ್. ಕೆಲವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಮನೆ ವಿಳಾಸದ ಜಾಗದಲ್ಲಿ ಸೇತುವೆಯ ಹೆಸರೇ ಇತ್ತು!

ಅವರು ಅಲ್ಲಿಗೆ ಬಂದು ಸೇರಿದ್ದಕ್ಕೆ ಕಾರಣ ಹೈಸ್ಕೂಲಿನಲ್ಲಿ ಕಲಿಯುವ ಗಣಿತದ ಒಂದು ಲೆಕ್ಕ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದವರು ಶಾಲೆಯಿಂದ 1,000 ಅಡಿ ಒಳಗೆ ವಾಸಿಸಬಾರದು ಅನ್ನೋದು ಮಯಾಮಿ ಇರುವ ಫ್ಲಾರಿಡಾ ರಾಜ್ಯದ ನಿಯಮ. 2005ರಲ್ಲಿ ಮಯಾಮಿ-ಡೇಡ್ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, ಅದನ್ನು 2,500 ಅಡಿ ಮಾಡಿತು. ಎರಡೂವರೆ ಪಟ್ಟು ತಾನೇ ಅನ್ನಿಸುತ್ತೆ, ಅಲ್ವಾ? ಆದರೆ ದೂರ ಎರಡೂವರೆ ಪಟ್ಟಾದರೆ ವೃತ್ತದ ವಿಸ್ತೀರ್ಣ ಆರೂಕಾಲು ಪಟ್ಟಾಗುತ್ತದೆ. ಒಂದು ಶಾಲೆಯ ಸುತ್ತ 0.29 ಚದರ ಕಿಲೋಮೀಟರ್ ಇದ್ದ ನಿಷೇಧ 1.8ಕ್ಕೆ ಏರಿತು. ನಗರದಲ್ಲಿ ಶಾಲೆಗಳು ಹತ್ತಿರ ಹತ್ತಿರ ಇರುತ್ತವೆ. ಕಾವಲಿ ಮೇಲೆ ಒತ್ತೊತ್ತಾಗಿ ಹೊಯ್ದ ದೋಸೆಗಳ ಹಾಗೆ ವೃತ್ತಗಳು ಒಂದಕ್ಕೊಂದು ಕೂಡಿಕೊಂಡವು. ಉಳಿದದ್ದು ದೋಸೆ ತಾಗದ ಅಂಚು: ನೀರಿನ ಮಧ್ಯದ ಸೇತುವೆಯಂಥ ಜಾಗ.

ಇಷ್ಟಕ್ಕೂ ಈ ನಿಯಮ ಅಳೆಯೋದು ಮನುಷ್ಯ ರಾತ್ರಿ ಎಲ್ಲಿ ಮಲಗುತ್ತಾನೆ ಅನ್ನೋದನ್ನ. ಮಕ್ಕಳು ಶಾಲೆಯಲ್ಲಿರೋದು ಹಗಲು!

ಮಿನೆಸೋಟ ರಾಜ್ಯದ ಜೈಲು ಇಲಾಖೆ ಇದನ್ನು ಪರೀಕ್ಷಿಸಿ 2007ರಲ್ಲಿ ವರದಿ ಕೊಟ್ಟಿತು. ಬಿಡುಗಡೆಯಾದ ಮೇಲೆ ಮತ್ತೆ ಲೈಂಗಿಕ ಅಪರಾಧ ಮಾಡಿ ಒಳಗೆ ಹೋದ 224 ಜನರ ಕಡತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ವಾಸದ ನಿಯಮ ಇದ್ದಿದ್ದರೆ ಇದು ತಪ್ಪುತ್ತಿತ್ತಾ? ತಪ್ಪುತ್ತಿತ್ತು ಅನ್ನುವಂಥ ಪ್ರಕರಣ ಒಂದೂ ಸಿಗಲಿಲ್ಲ. ಮಕ್ಕಳ ಹತ್ತಿರ ಸುಳಿಯಲು ಶಾಲೆಯ ಗೇಟು ಬೇಕಿರಲಿಲ್ಲ. ಮಗುವಿನ ತಾಯಿಯ ಸ್ನೇಹ, ಜೊತೆಗೆ ಕೆಲಸ ಮಾಡುವವರ ಪರಿಚಯ, ಇಂಥ ದಾರಿಗಳೇ ಜಾಸ್ತಿ. ನಮ್ಮಲ್ಲೂ ಪೋಕ್ಸೊ ಪ್ರಕರಣಗಳ ಅಂಕಿಅಂಶ ನೋಡಿ: ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಯದವರೇ. ನೆಂಟರು, ಪಕ್ಕದ ಮನೆಯವರು. ಇವರ ಸುತ್ತ ಎಷ್ಟಡಿ ವೃತ್ತ ಎಳೀತೀರಿ?

ಹೆತ್ತವರ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಅಮೆರಿಕದ ಇನ್ನೊಂದು ರಾಜ್ಯ ಅಯೋವಾದಲ್ಲಿ ಇಂಥದ್ದೇ 2,000 ಅಡಿ ನಿಯಮ ಬೇಡ ಅಂದವರು ಯಾರು ಗೊತ್ತಾ? ಅಪರಾಧಿಗಳಿಗೆ ಶಿಕ್ಷೆ ಕೊಡಿಸುವ ಸರ್ಕಾರಿ ವಕೀಲರ ಸಂಘವೇ, 2006ರಲ್ಲಿ. ಮನೆ ಸಿಗದವರು ಕಾರಿನಲ್ಲಿ, ಹೆದ್ದಾರಿ ಬದಿಯಲ್ಲಿ ಮಲಗಿ, ಪೊಲೀಸರ ಪಟ್ಟಿಯಿಂದಲೇ ಜಾರಿಹೋಗುತ್ತಿದ್ದರು. 2009ರಲ್ಲಿ ಅಲ್ಲಿ ನಿಯಮ ಸಡಿಲವಾಯಿತು.

ಮಯಾಮಿಯಲ್ಲಿ 2010ರಲ್ಲಿ ಸೇತುವೆ ಕೆಳಗಿನವರನ್ನು ಎಬ್ಬಿಸಿದರು. ಕೆಲವೇ ವರ್ಷಗಳಲ್ಲಿ ಅದೇ ಕೌಂಟಿಯ ಹಯಲಿಯಾ ಊರಿನ ಹತ್ತಿರ, ಗೋದಾಮುಗಳ ಪಕ್ಕದ ರೈಲು ಹಳಿ ಬದಿಯಲ್ಲಿ ಮತ್ತೆ ಟೆಂಟುಗಳು ಎದ್ದವು. ಶಾಲೆಯಿಂದ 2,500 ಅಡಿ ಅನ್ನೋ ಅಳತೆ ಹಾಗೇ ಇತ್ತು.