ಅಮೆರಿಕದ ಅಧ್ಯಕ್ಷರ ರಜೆಯ ಮನೆ: ಮನೆ ಯಾರದು, ಖರ್ಚು ಯಾರದು?

ಓದುಗರ ಪ್ರಶ್ನೆ: ವಾರಾಂತ್ಯ ಬಂತೆಂದರೆ ಅಮೆರಿಕದ ಅಧ್ಯಕ್ಷರು ಫ್ಲೋರಿಡಾಕ್ಕೋ ಡೆಲವೇರ್‌ಗೋ ಹೊರಟರು ಎಂದು ಓದುತ್ತೇವೆ. ಆ ಮನೆಗಳು ಸರ್ಕಾರದವೋ ಅವರ ಸ್ವಂತದವೋ? ಸ್ವಂತದವಾದರೆ ಅಲ್ಲಿನ ಖರ್ಚನ್ನು ಯಾರು ಕೊಡುತ್ತಾರೆ?

ಉತ್ತರ: ಮನೆ ಅವರದು, ಕಾವಲು ಸರ್ಕಾರದ್ದು. ಸ್ವಂತ ಮನೆಯ ತೆರಿಗೆ, ರಜೆಗೆ ಹಿಡಿದ ಮನೆಯ ಬಾಡಿಗೆ, ಅಡುಗೆ ಸಾಮಾನು ಎಲ್ಲ ಅಧ್ಯಕ್ಷರ ಜೇಬಿನಿಂದಲೇ ಹೋಗಬೇಕು. ಅಷ್ಟೇಕೆ, ಶ್ವೇತಭವನದಲ್ಲಿದ್ದಾಗಲೂ ಮನೆಮಂದಿಯ ಊಟದ ಬಿಲ್ಲು ಅವರ ಹೆಸರಿಗೇ ಬರುತ್ತದೆ, ಬಾಡಿಗೆಯೊಂದು ಇಲ್ಲ ಅಷ್ಟೆ. ಆದರೆ ಅವರು ಎಲ್ಲಿಗೆ ಹೋದರೂ ಅವರನ್ನು ಕಾಯುವ ಸರ್ಕಾರಿ ಪಡೆ, ಸೀಕ್ರೆಟ್ ಸರ್ವಿಸ್, ಜೊತೆಗೆ ಹೋಗಬೇಕು. ಗುಪ್ತ ಸಂಪರ್ಕದ ಫೋನ್ ವ್ಯವಸ್ಥೆ, ವೈದ್ಯರು, ಅಣ್ವಸ್ತ್ರದ ಆದೇಶಕ್ಕೆ ಬೇಕಾದ ಪೆಟ್ಟಿಗೆ ಹಿಡಿದ ಸೇನಾಧಿಕಾರಿ, ಎಲ್ಲರೂ ಬೆನ್ನಿಗಿರಬೇಕು. ಮೊಮ್ಮಕ್ಕಳನ್ನು ನೋಡಲು ಹೊರಟರೂ ಏರುವುದು ವಾಯುಸೇನೆಯ ವಿಮಾನವನ್ನೇ. ಇದೆಲ್ಲ ತೆರಿಗೆದಾರರ ಲೆಕ್ಕಕ್ಕೆ ಬೀಳುತ್ತದೆ.

ಸರ್ಕಾರದ್ದೇ ಆದ ವಿಶ್ರಾಂತಿಧಾಮ ಅಂತ ಇಂದು ಇರುವುದು ಕ್ಯಾಂಪ್ ಡೇವಿಡ್ ಒಂದೇ. ಮೇರಿಲ್ಯಾಂಡಿನ ಕೆಟಾಕ್ಟಿನ್ ಬೆಟ್ಟದ ಕಾಡಿನಲ್ಲಿ, ವಾಷಿಂಗ್ಟನ್ನಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. 1930ರ ದಶಕದಲ್ಲಿ ಸರ್ಕಾರಿ ನೌಕರರ ಕುಟುಂಬಗಳ ಬಿಡಾರವಾಗಿ ಕಟ್ಟಿದ ಜಾಗವದು. ಯುದ್ಧಕಾಲದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಭಯದಿಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಹಡಗಿನ ವಿಹಾರವನ್ನು ಬಿಡಬೇಕಾಯಿತು. 1942ರಲ್ಲಿ ಈ ಬೆಟ್ಟವನ್ನು ಆರಿಸಿಕೊಂಡರು. ಈಗಿನ ಹೆಸರು ಐಸೆನ್‌ಹೋವರ್ ಇಟ್ಟದ್ದು, ಮೊಮ್ಮಗನದು. ನೌಕಾಪಡೆ ನೋಡಿಕೊಳ್ಳುತ್ತದೆ, ಮರೀನ್ ಸೈನಿಕರು ಕಾಯುತ್ತಾರೆ. 1978ರ ಸೆಪ್ಟೆಂಬರಿನಲ್ಲಿ ಕಾರ್ಟರ್ ಇಲ್ಲಿಯೇ ಈಜಿಪ್ಟಿನ ಸಾದತ್ ಮತ್ತು ಇಸ್ರೇಲಿನ ಬೆಗಿನ್ ಅವರನ್ನು 13 ದಿನ ಕೂರಿಸಿಕೊಂಡು ಒಪ್ಪಂದ ಮಾಡಿಸಿದರು.

ಇಂಥ ಜಾಗ ಇರುವಾಗ ಸ್ವಂತ ಮನೆಗೆ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಶ್ವೇತಭವನ, ಕ್ಯಾಂಪ್ ಡೇವಿಡ್ ಎರಡೂ ಒಂದು ದಿನ ಬಿಟ್ಟುಹೋಗಬೇಕಾದ ಮನೆಗಳು. ಐಸೆನ್‌ಹೋವರ್ ದಂಪತಿಯನ್ನೇ ನೋಡಿ. ಸೇನೆಯ ಬದುಕು, ವರ್ಗದ ಮೇಲೆ ವರ್ಗ. ಅವರು ಜೀವನದಲ್ಲಿ ಸ್ವಂತಕ್ಕೆಂದು ಕೊಂಡದ್ದು ಒಂದೇ ಮನೆ, 1950ರಲ್ಲಿ, ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನ ತೋಟದ ಮನೆ. ಅಲ್ಲಿ ಆಂಗಸ್ ತಳಿಯ ದನ ಸಾಕಿದರು. 1955ರಲ್ಲಿ ಹೃದಯಾಘಾತವಾದ ಮೇಲೆ ಚೇತರಿಸಿಕೊಂಡದ್ದೂ ಅಲ್ಲೇ. 1956ರ ಡಿಸೆಂಬರಿನಲ್ಲಿ ನೆಹರೂ ಅಮೆರಿಕಕ್ಕೆ ಹೋದಾಗ ಅವರನ್ನು ಐಸೆನ್‌ಹೋವರ್ ಈ ತೋಟಕ್ಕೇ ಕರೆದುಕೊಂಡು ಹೋದರು. ಸೂಯೆಜ್ ಮತ್ತು ಹಂಗೇರಿಯ ಬಿಕ್ಕಟ್ಟುಗಳು ಇನ್ನೂ ಬಿಸಿಯಾಗಿದ್ದ ದಿನಗಳವು. ಇಬ್ಬರೂ ಅಲ್ಲಿ ಗಂಟೆಗಟ್ಟಲೆ ಮಾತಾಡಿದರು. ಮೂರು ವರ್ಷದ ನಂತರ ಸೋವಿಯತ್ ನಾಯಕ ಕ್ರುಶ್ಚೇವ್ ಕೂಡ ಅದೇ ದನಗಳನ್ನು ನೋಡಿ ಹೋದರು. ಸಭಾಂಗಣದ ಮಾತಿಗೂ ಮನೆಯಂಗಳದ ಮಾತಿಗೂ ವ್ಯತ್ಯಾಸವಿದೆ ಎಂದು ಐಸೆನ್‌ಹೋವರ್ ನಂಬಿದ್ದರು. ಅವರ ನಂಬಿಕೆ ಸರಿಯೆಂದೇ ನನಗನ್ನಿಸುತ್ತದೆ.

ಲಿಂಡನ್ ಜಾನ್ಸನ್ ಇನ್ನೂ ಮುಂದೆ ಹೋದರು. ಟೆಕ್ಸಸ್‌ನ ಪೆಡರ್ನಾಲಿಸ್ ನದಿ ಬದಿಯ ಅವರ ರ್‍ಯಾಂಚಿನಲ್ಲಿ ಓಕ್ ಮರದ ಕೆಳಗೆ ಕುರ್ಚಿ ಹಾಕಿಸಿ ಸಭೆ ನಡೆಸುತ್ತಿದ್ದರು. ಅಧ್ಯಕ್ಷರ ದೊಡ್ಡ ವಿಮಾನ ಇಳಿಯುವಷ್ಟು ರನ್‌ವೇ ಅಲ್ಲಿರಲಿಲ್ಲ. ಅದನ್ನು ಬೇರೆ ಕಡೆ ಇಳಿಸಿ, ಚಿಕ್ಕ ಜೆಟ್‌ಸ್ಟಾರ್ ವಿಮಾನದಲ್ಲಿ ಅಂಗಳಕ್ಕೇ ಬಂದು ಇಳಿಯುತ್ತಿದ್ದರು. ರೇಗನ್ ಅವರದು ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ರ್‍ಯಾಂಚೊ ಡೆಲ್ ಸಿಯೆಲೊ, 688 ಎಕರೆ. ಜಾಗ ದೊಡ್ಡದಾದರೂ ಮನೆ ಮಾತ್ರ ಪುಟ್ಟದು, 19ನೇ ಶತಮಾನದ ಮಣ್ಣಿನ ಇಟ್ಟಿಗೆಯದು. 1981ರ ಆಗಸ್ಟ್ 13ರಂದು ದಟ್ಟ ಮಂಜಿನ ನಡುವೆ, ಡೆನಿಮ್ ಅಂಗಿ ತೊಟ್ಟು, ಮನೆಮುಂದೆ ಹಾಕಿಸಿದ ಮೇಜಿನ ಮೇಲೆ ಅವರು ದೇಶದ ದೊಡ್ಡ ತೆರಿಗೆ ಕಡಿತದ ಮಸೂದೆಗೆ ಸಹಿ ಹಾಕಿದರು.

ಅಂದರೆ ಮನೆ ಖಾಸಗಿಯಾದರೂ ಅಧ್ಯಕ್ಷರು ಕಾಲಿಟ್ಟ ಕೂಡಲೇ ಅದು ಕಚೇರಿಯೂ ಆಗುತ್ತದೆ. ತಕರಾರು ಶುರುವಾಗುವುದು ಇಲ್ಲೇ. ಸರ್ಕಾರದ ದುಡ್ಡಿನಲ್ಲಿ ಹಾಕಿಸಿದ ಬೇಲಿ, ದೀಪ, ದಾರಿ ಕೊನೆಗೆ ಯಾರ ಪಾಲಿಗೆ?

ರಿಚರ್ಡ್ ನಿಕ್ಸನ್ ಕಾಲದಲ್ಲಿ ಈ ಪ್ರಶ್ನೆ ಸ್ಫೋಟಿಸಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ ಒಂದು, ಫ್ಲೋರಿಡಾದ ಕೀ ಬಿಸ್ಕೇನ್‌ನಲ್ಲಿ ಇನ್ನೊಂದು, ಹೀಗೆ ಅವರಿಗೆ ಎರಡು ಮನೆಗಳಿದ್ದವು. ಕೊನೆಗೆ ಅವರ ಅಧಿಕಾರವನ್ನೇ ಕಳೆದ ವಾಟರ್‌ಗೇಟ್ ಹಗರಣದ ತನಿಖೆ ಬಿರುಸಾಗಿದ್ದಾಗಲೇ ಈ ಮನೆಗಳ ಲೆಕ್ಕವೂ ಹೊರಬಂತು. ಭದ್ರತೆ, ಸಂಪರ್ಕ ವ್ಯವಸ್ಥೆ ಎಲ್ಲ ಸೇರಿ ಸರ್ಕಾರಕ್ಕೆ ಬಂದ ಖರ್ಚು ಒಂದು ಕೋಟಿ ಡಾಲರನ್ನೂ ಮೀರಿತ್ತು. ಗುಂಡು ನಿರೋಧಕ ಗಾಜಿಗೆ ಯಾರೂ ಆಕ್ಷೇಪಿಸಲಿಲ್ಲ. ಮನೆ ಬೆಚ್ಚಗಿಡುವ ಹೊಸ ಹೀಟಿಂಗ್ ವ್ಯವಸ್ಥೆಯನ್ನು ಭದ್ರತೆಯ ಖಾತೆಗೆ ಬರೆದದ್ದು ಮಾತ್ರ ಜನರಿಗೆ ಸಹಿಸಲಾಗಲಿಲ್ಲ. ಸಹಿಸಬೇಕಾಗಿಯೂ ಇರಲಿಲ್ಲ.

ಇದರ ಫಲವಾಗಿ 1976ರಲ್ಲಿ ಕಾನೂನು ಬಂತು. ಅದರ ಪ್ರಕಾರ ಪೂರ್ಣ ಪ್ರಮಾಣದ ಕಾಯಂ ಭದ್ರತೆಗೆ ಒಂದೇ ಖಾಸಗಿ ಮನೆಯನ್ನು ಹೆಸರಿಸಬಹುದು. ಉಳಿದ ಮನೆಗಳ ಖರ್ಚಿಗೆ ಮಿತಿಯಿದೆ. ಮೊದಲು ಅದು 10,000 ಡಾಲರ್ ಇತ್ತು, ಆಮೇಲೆ ಏರಿಸಿದರು. ಅದನ್ನು ದಾಟಬೇಕಾದರೆ ಸಂಸತ್ತಿನ ಸಮಿತಿಗಳ ಒಪ್ಪಿಗೆ ಬೇಕು. ಭದ್ರತೆಗೆಂದು ಹಾಕಿಸಿದ್ದೆಲ್ಲ ಸರ್ಕಾರದ ಆಸ್ತಿ. ಕಾವಲು ಮುಗಿದ ಮೇಲೆ ಕಳಚಿಕೊಂಡು ಹೋಗಬೇಕೆಂಬುದೇ ನಿಯಮ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅಮೆರಿಕ ಮಾಡಿದ ಅತ್ಯುತ್ತಮ ಕೆಲಸವಿದು.

ಆದರೆ ಮನೆಯೇ ವ್ಯಾಪಾರವೂ ಆಗಿದ್ದರೆ? ಫ್ಲೋರಿಡಾದ ಮಾರ್-ಎ-ಲಾಗೊ ಅಂಥದ್ದು. 1920ರ ದಶಕದಲ್ಲಿ ಅದನ್ನು ಕಟ್ಟಿಸಿದ ಸಿರಿವಂತೆ ಮಾರ್ಜರಿ ಮೆರಿವೆದರ್ ಪೋಸ್ಟ್, ಅಧ್ಯಕ್ಷರ ಚಳಿಗಾಲದ ನಿವಾಸವಾಗಲೆಂದು ಉಯಿಲಿನಲ್ಲಿ ಸರ್ಕಾರಕ್ಕೇ ಬರೆದಿಟ್ಟು 1973ರಲ್ಲಿ ತೀರಿಕೊಂಡರು. ಯಾವ ಅಧ್ಯಕ್ಷರೂ ಅದನ್ನು ವಾಸಕ್ಕೆ ಬಳಸಲಿಲ್ಲ. ನಿರ್ವಹಣೆ ದುಬಾರಿಯೆಂದು ಸರ್ಕಾರ 1981ರಲ್ಲಿ ಪೋಸ್ಟ್ ಪ್ರತಿಷ್ಠಾನಕ್ಕೆ ವಾಪಸು ಕೊಟ್ಟಿತು. 1985ರಲ್ಲಿ ಡೊನಾಲ್ಡ್ ಟ್ರಂಪ್ ಕೊಂಡು, ಮುಂದೆ ಖಾಸಗಿ ಕ್ಲಬ್ ಮಾಡಿದರು. ಅವರು ಅಧ್ಯಕ್ಷರಾದ ಮೇಲೆ ಕಾವಲಿಗೆ ಬಂದ ಸೀಕ್ರೆಟ್ ಸರ್ವಿಸ್, ಅಧ್ಯಕ್ಷರದೇ ಕ್ಲಬ್ಬಿನ ಕೋಣೆಗಳಿಗೆ ಬಾಡಿಗೆ ಕಟ್ಟಿತು. 2017ರ ಆರಂಭದ ನಾಲ್ಕು ಭೇಟಿಗಳಿಗೇ ಸರ್ಕಾರಕ್ಕೆ 1.36 ಕೋಟಿ ಡಾಲರ್ ಖರ್ಚಾಯಿತೆಂದು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ಅದೇ ಫೆಬ್ರವರಿಯ ಒಂದು ರಾತ್ರಿ ಜಪಾನಿನ ಪ್ರಧಾನಿ ಅಬೆ ಜೊತೆ ಊಟಕ್ಕೆ ಕೂತಾಗ ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದ ಸುದ್ದಿ ಬಂತು. ತೆರೆದ ಚಾವಡಿಯ ಊಟದ ಮೇಜಿನಲ್ಲೇ, ಮೊಬೈಲ್ ಫೋನಿನ ಬೆಳಕಿನಲ್ಲಿ ಅಧಿಕಾರಿಗಳು ಕಾಗದ ಓದಿದರು. ಸುತ್ತ ಕ್ಲಬ್ ಸದಸ್ಯರು ಊಟ ಮಾಡುತ್ತಿದ್ದರು, ಫೋಟೊ ತೆಗೆದರು. ದುಡ್ಡಿನ ಲೆಕ್ಕಕ್ಕಿಂತ ಈ ದೃಶ್ಯವೇ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ.

ರಜೆಯ ಮನೆಯೇ ಇಲ್ಲದ ಅಧ್ಯಕ್ಷರೂ ಇದ್ದರು. ಕ್ಲಿಂಟನ್ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಪರಿಚಿತರ ಮನೆಗಳಲ್ಲಿ ಉಳಿದರು. ಒಬಾಮಾ ಅಲ್ಲಿ ಮತ್ತು ಹವಾಯಿಯಲ್ಲಿ ಬಾಡಿಗೆಗೆ ಹಿಡಿದರು. ಟ್ರೂಮನ್ ಕೀ ವೆಸ್ಟ್‌ನ ನೌಕಾನೆಲೆಯ ಮನೆಗೆ ಹೋಗುತ್ತಿದ್ದರು. ಮಿಸೌರಿಯ ಇಂಡಿಪೆಂಡೆನ್ಸಿನಲ್ಲಿ ಅವರು ಬಾಳಿದ್ದು ಅತ್ತೆಯ ಮನೆಯಲ್ಲಿ. ಅಧಿಕಾರ ಮುಗಿದ ಮೇಲೂ ಅಲ್ಲಿಗೇ ಮರಳಿದರು.

ನಿವೃತ್ತಿಯ ನಂತರ ಏನು ಎಂದು ಕೆಲವರು ಕೇಳುತ್ತಾರೆ. ಈಗಿನ ಕಾನೂನಿನಲ್ಲಿ ಮಾಜಿ ಅಧ್ಯಕ್ಷರಿಗೆ ಜೀವನಪೂರ್ತಿ ಕಾವಲು ಇದೆ, ಬೇಡವೆನ್ನುವ ಅವಕಾಶವೂ ಇದೆ. ಹಾಗೆ ಬಿಟ್ಟುಕೊಟ್ಟವರು ನಿಕ್ಸನ್, 1985ರಲ್ಲಿ. ಆಮೇಲೆ ಸ್ವಂತ ಖರ್ಚಿನಲ್ಲಿ ಕಾವಲುಗಾರರನ್ನು ಇಟ್ಟುಕೊಂಡರು.

ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು. ಗೆಟಿಸ್‌ಬರ್ಗಿನ ತೋಟ ಮತ್ತು ಜಾನ್ಸನ್ ರ್‍ಯಾಂಚು ಈಗ ರಾಷ್ಟ್ರೀಯ ಉದ್ಯಾನ ಸೇವೆಯ ಕೈಯಲ್ಲಿವೆ, ಹೋಗಿ ನೋಡಬಹುದು. ಕೆಟಾಕ್ಟಿನ್ ಬೆಟ್ಟದ ಪಾರ್ಕಿನಲ್ಲೂ ಚಾರಣ ಮಾಡಬಹುದು. ಆದರೆ ಪಾರ್ಕಿನವರು ಕೊಡುವ ನಕ್ಷೆಯಲ್ಲಿ ಕ್ಯಾಂಪ್ ಡೇವಿಡ್ ಕಾಣುವುದಿಲ್ಲ, ಅದರ ಹತ್ತಿರ ಯಾರನ್ನೂ ಬಿಡುವುದೂ ಇಲ್ಲ.